ಪುಟ್ಟತಾಯಿಯ ಸಂಚಿಯ ಗಂಟು

ರಾಯಪುರಂ, ಚೆನ್ನೈ
ಆಗಸ್ಟ್ 2008

ಜೈಭೀಮ್ ಪುಟ್ಟತಾಯಿ,

ಇವತ್ತು ನಿನ್ನ ಸಂಚಿ ವಾಪಸು ಬಂತು.

ನೀನು ಸತ್ತು ಮೂರು ವರ್ಷವಾದ ಮೇಲೆ ಒಂದು ಕಂದು ಕವರಿನಲ್ಲಿ ತುರುಕಿ ಕೊಟ್ಟರು. ಮೇಜಿನ ಹಿಂದೆ ಕೂತಿದ್ದ ಗುಮಾಸ್ತ ತಲೆ ಎತ್ತದೆ "ವೆತ್ತಲೆ ಪೈ, ಒಣ್ಣು" ಎಂದು ಓದಿ ನನ್ನ ಸಹಿ ಹಾಕಿಸಿಕೊಂಡ. ಎಲೆಯಡಿಕೆ ಚೀಲ, ಒಂದು. ಜೊತೆಗೆ ವಿಚಾರಣೆಯ ವರದಿಯ ನಕಲು. ಅದರಲ್ಲಿ ಬರೆದಿದ್ದಾರೆ: ಮೃತಳ ಎಲೆಯಡಿಕೆ ಚೀಲವನ್ನು ಠಾಣೆಯಲ್ಲಿ ಆಕೆಯ ಎದುರಿಗೇ ಬಿಚ್ಚಿ ನೋಡಲಾಯಿತು, ಔಷಧಿ ಯಾವುದೂ ಇರಲಿಲ್ಲ, ಆಕೆ ಕೇಳಲೂ ಇಲ್ಲ, ಬಹುಕಾಲದ ಮೂರ್ಛೆರೋಗದಿಂದ ಸಹಜ ಸಾವು. ಸಹಜ! ಈ ಪದ ಟೈಪು ಮಾಡಿದವನ ಬೆರಳು ಒಂದು ಗಳಿಗೆಯಾದರೂ ತಡೆಯಿತೋ ಇಲ್ಲವೋ.

ಆ ಕಚೇರಿಯ ಮೆಟ್ಟಿಲ ಮೇಲೆ ಕೂತು ಸಂಚಿಯನ್ನು ಹೊರಗೆ ತೆಗೆದೆ. ನಿನ್ನವ್ವನ ಸಂಚಿ. ಕೆಂಪು ಬಟ್ಟೆ ಮಾಸಿ ಇಟ್ಟಿಗೆಯ ಬಣ್ಣಕ್ಕೆ ತಿರುಗಿದೆ. ಬಾಯಿಯ ದಾರ ಎಳೆದು ಕಟ್ಟಿದ ಹಾಗೇ ಇದೆ. ಗಂಟು ನೋಡಿದೆ. ಅದು ನಿನ್ನ ಗಂಟು ಕಣೇ. ಕೊಳ್ಳೇಗಾಲದ ಫಿಲೇಚರಿನಲ್ಲಿ ರೇಷ್ಮೆಗೂಡಿನ ನೂಲು ಬಿಚ್ಚುವಾಗ ಎಳೆ ತುಂಡಾದರೆ ನೀವು ಹೆಂಗಸರು ಕಣ್ಣು ಮಿಟುಕಿಸುವುದರೊಳಗೆ ಹಾಕುತ್ತಿದ್ದ ಗಂಟು. ರೇಷ್ಮೆಯಲ್ಲಿ ಅದು ಕಣ್ಣಿಗೇ ಕಾಣುವುದಿಲ್ಲ. ಈ ದಪ್ಪ ದಾರದಲ್ಲಿ ಮೆಣಸಿನ ಕಾಳಿನಷ್ಟಿದೆ. ಒಂದು ಕಡೆ ಹಲ್ಲು ಕಚ್ಚಿ, ಇನ್ನೊಂದು ಕಡೆ ಉಗುರು ತೂರಿಸಿ ಎಳೆದರೆ ಮಾತ್ರ ಬಿಡುವುದು. ಅದನ್ನು ಯಾರು ಬೇಕಾದರೂ ಕತ್ತರಿಸಬಹುದು. ಬಿಚ್ಚಲು ಮತ್ತು ಮತ್ತೆ ಹಾಗೇ ಹಾಕಲು ಈ ಮದರಾಸಿನಲ್ಲಿ ಇಬ್ಬರಿಗೇ ಬರುತ್ತಿತ್ತು: ನಿನಗೆ, ನೀನು ಕಲಿಸಿದ ನಿನ್ನ ಮಗಳು ಮೌನಳಿಗೆ.

ಬಟ್ಟೆಯ ಮೇಲಿಂದ ಬೆರಳಾಡಿಸಿದೆ. ಒಳಗೆ ಮಾತ್ರೆಗಳು ಕಾಳಿನ ಹಾಗೆ ಸರಿದಾಡಿದವು.

ಅವರು ಬಿಚ್ಚಿ ನೋಡಿಲ್ಲ, ಪುಟ್ಟತಾಯಿ. ಬೆರಳಾಡಿಸಿ ಕೂಡ ನೋಡಿಲ್ಲ.

ಅದಕ್ಕೇ ಈ ಕಾಗದ. ನಿನಗೆ ಗೊತ್ತಿರುವುದನ್ನೇ ನಿನಗೆ ಹೇಳುತ್ತಿದ್ದೇನೆ. ಆದರೂ ಹೇಳುತ್ತೇನೆ, ಯಾಕೆಂದರೆ ಆ ವರದಿಯಲ್ಲಿ ನೀನು ಎಲ್ಲೂ ಇಲ್ಲ. 'ಮೃತಳು' ಎನ್ನುವ ಒಬ್ಬಳಿದ್ದಾಳೆ. ಅವಳಿಗೆ ಒಂದು ರೋಗವಿದೆ, ಬೇರೆ ಏನೂ ಇಲ್ಲ. ಆ ರೋಗವನ್ನು ಸೊಂಟಕ್ಕೆ ಕಟ್ಟಿಕೊಂಡು ಸಮುದ್ರ ದಾಟಿ ಹೋಗಿ ಹಾಡಿ ಬಂದವಳು ಅವಳಲ್ಲ. ಅವಳು ನೀನು.

ನಾನು ಬ್ಯಾಂಕಿನ ಬಡ್ತಿಯ ಮೇಲೆ ಚೆನ್ನೈಗೆ ಬಂದ ಹೊಸತು. ಅಡ್ಯಾರಿನಲ್ಲಿ ಮನೆ ಹುಡುಕುತ್ತಾ ಹೋದರೆ ಮರದ ನೆರಳಿನ ಒಂದೊಂದು ಗೇಟಿನಲ್ಲೂ "ನೀಂಗ ಎನ್ನ ಆಳುಂಗ?" ಎಂಬ ಪ್ರಶ್ನೆ. ಜಾತಿ ಕೇಳುವುದಕ್ಕೆ ಎಷ್ಟು ನಯವಾದ ದನಿ! ಆ ಗೇಟುಗಳಿಗೆ ಉಗಿದು ರಾಯಪುರಂಗೆ ಬಂದೆ. ಇಲ್ಲಿ ಮೀನಿನ ವಾಸನೆಯ ನಡುವೆ ನನ್ನ ವಾಸನೆ ಯಾರಿಗೂ ಬೇಕಿರಲಿಲ್ಲ. ಆ ಹೊತ್ತಿಗೆ ಊರಿನಿಂದ ಸುದ್ದಿ ಬಂತು. ಫಿಲೇಚರಿನಲ್ಲಿ ಕುದಿನೀರಿನ ಬಾಣಲೆಯ ಪಕ್ಕ ನೀನು ಫಿಟ್ಸ್ ಬಂದು ಬಿದ್ದೆ, ಮೊಣಕೈ ಬೆಂದಿತು, ಮಾಲೀಕ ಕೆಲಸ ಬಿಡಿಸಿದ. ಮೌನಳ ಅಪ್ಪ ಅದಕ್ಕೂ ಮೊದಲೇ ಬಿಟ್ಟು ಹೋಗಿದ್ದ. ನಾನು ಬಾ ಎಂದೆ. ಊರಿನಲ್ಲಿದ್ದಾಗ ನಮ್ಮ ಚಳವಳಿಯ ಜಾಥಾಗಳಲ್ಲಿ ನನ್ನ ಭಾಷಣಕ್ಕೆ ಮೊದಲು ಹಾಡಿ ಜನರನ್ನು ಕೂರಿಸುತ್ತಿದ್ದವಳು ನೀನು. ನಿನ್ನ ಹಾಡಿಲ್ಲದೆ ನನ್ನ ಭಾಷಣ ಕೇಳುವವರು ಯಾರಿದ್ದರು?

ಮೌನಳನ್ನು ಕಂಕುಳಲ್ಲಿ ಹೊತ್ತು ನೀನು ಸೆಂಟ್ರಲ್ ಸ್ಟೇಷನ್ನಿನಲ್ಲಿ ಇಳಿದೆ. "ಇದೇನೇ, ಹಾಡೋಳ ಮಗಳಿಗೆ ಮೌನ ಅಂತ ಹೆಸರಿಟ್ಟಿದ್ದೀಯ" ಎಂದು ಕೇಳಿದ್ದಕ್ಕೆ ನೀನು ಹೇಳಿದ್ದು: "ಕೂಗಿ ಕೂಗಿ ನಂಗ ಸಾಕಾಗದ ಕನಕ್ಕ. ಇದ್ಕಾದ್ರು ಒಸಿ ನೆಮ್ಮದಿ ಇರ್ಲಿ ಅಂತ." ಆ ಮೌನ ಈಗ ಬಾಯಿ ಬಿಟ್ಟರೆ ಇಡೀ ಬೀದಿಗೆ ಕೇಳುತ್ತದೆ, ಅದೂ ತಮಿಳಿನಲ್ಲಿ.

ನೀನು ಬಿದ್ದು ಎಚ್ಚರವಾದಾಗಲೆಲ್ಲ ಮೊದಲು ಕೇಳುತ್ತಿದ್ದದ್ದು ನೀರಲ್ಲ. "ಯಾರ್ಯಾರು ನೋಡುದ್ರು?" ಎನ್ನುತ್ತಿದ್ದೆ. ನಾಲಿಗೆ ಕಚ್ಚಿ ರಕ್ತ ಒಸರುತ್ತಿದ್ದರೂ ಅದೇ ಪ್ರಶ್ನೆ. ಬಿದ್ದಾಗ ಸೀರೆ ಮೇಲೆ ಸರಿಯಬಾರದೆಂದು ನೆರಿಗೆಯನ್ನು ಕಾಲುಗಳ ನಡುವೆ ಹಿಂದಕ್ಕೆ ಸೆಳೆದು ಪಿನ್ನು ಹಾಕಿಕೊಂಡೇ ಬಾಗಿಲು ದಾಟುತ್ತಿದ್ದೆ. ಆ ಪಿನ್ನು ಎಷ್ಟು ಸಲ ತೊಡೆಗೆ ಚುಚ್ಚಿತೋ. ಎಂಟು ವರ್ಷದ ಹುಡುಗಿಯಾಗಿ ಗೌಡರ ಕಣದಲ್ಲಿ ಮೊದಲ ಸಲ ಬಿದ್ದಾಗ ಕಬ್ಬಿಣ ಕೊಟ್ಟರೆ ನಿಲ್ಲುತ್ತದೆಂದು ಯಾರೋ ಕೂಗಿದರಂತೆ. ಕುಡುಗೋಲನ್ನು ತಂದರಂತೆ. ಆದರೆ ಹೊಲಗೇರಿಯ ಹುಡುಗಿಯ ಕೈಗೆ ಕೊಡುವವರು ಯಾರು? ದೂರದಿಂದ ಎಸೆದರಂತೆ. ನಿನ್ನ ಎಡ ಹುಬ್ಬಿನ ಮೇಲಿದ್ದ ಗಾಯದ ಗುರುತು ರೋಗದ್ದಲ್ಲ. ಊರಿನದು.

ಮದರಾಸಿನಲ್ಲೂ ಬಿದ್ದೆ. ಬಸ್ ಸ್ಟಾಪಿನಲ್ಲಿ ಬಿದ್ದಾಗ ಸ್ಕೂಟರಿನ ಒಬ್ಬ ಮನುಷ್ಯ ಓಡಿ ಬಂದು ತನ್ನ ಬೀಗದಕೈ ಗೊಂಚಲನ್ನು ನಿನ್ನ ಮುಷ್ಟಿಯೊಳಗೆ ತುರುಕಿ, ಆ ಮುಷ್ಟಿಯನ್ನು ತನ್ನ ಎರಡೂ ಕೈಯಲ್ಲಿ ಹಿಡಿದುಕೊಂಡನಂತೆ. ನೀನು ಎಚ್ಚರವಾಗಿ, ನಾಚಿಕೆಯಿಂದ ಯಾರ ಮುಖವನ್ನೂ ನೋಡದೆ, ಬಂದ ಬಸ್ಸು ಹತ್ತಿ ಮನೆಗೆ ಬಂದೆ. ಬಂದು ನೋಡಿದರೆ ಗೊಂಚಲು ನಿನ್ನ ಕೈಯಲ್ಲೇ! ಅವನನ್ನು ಹುಡುಕಿಕೊಂಡು ವಾಪಸು ಹೋದೆವು. ಆ ಬಡಪಾಯಿ ಸ್ಟಾಪಿನ ಟೀ ಅಂಗಡಿಯ ಮುಂದೆ ಸ್ಕೂಟರಿಗೆ ಒರಗಿ ನಿಂತಿದ್ದ. "ನಲ್ಲಾ ಇರುಕ್ಕಿಯಾಮ್ಮಾ?" ಎಂದು ನಿನ್ನ ಆರೋಗ್ಯ ಕೇಳಿದ ಮೇಲೆಯೇ ಕೈ ಚಾಚಿದ. ಮನೆಗೆ ಬಂದು ನೀನು ನಕ್ಕು ನಕ್ಕು ಅತ್ತೆ. "ಕಬ್ಬುಣ ಸುಳ್ಳಿರ್ಬೋದು ಕನಕ್ಕ. ಆದ್ರ ಇಲ್ಲಿ ಜನ ಕೈಗೇ ಕೊಟ್ರು. ಎಸೀನಿಲ್ಲ."

ಸರ್ಕಾರಿ ಆಸ್ಪತ್ರೆಯಲ್ಲಿ ಮಾತ್ರೆ ಶುರುವಾಯಿತು. ನೀನು ಬಂದರಿನ ಹತ್ತಿರದ ಸಿಗಡಿ ಶೆಡ್ಡಿಗೆ ಸೇರಿದೆ. ಅಲ್ಲಿ ಬೆಂಕಿಯಿಲ್ಲ, ಕುದಿನೀರಿಲ್ಲ. ಬರೀ ಮಂಜುಗಡ್ಡೆ. ಬೆರಳ ತುದಿಯ ಚರ್ಮ ಸುಲಿದು ಉಪ್ಪುನೀರು ತಾಗಿದಾಗ ಹೆಂಗಸರು ಅಳುತ್ತಿದ್ದರೆ ನೀನು ಪದ ಕಟ್ಟಿದೆ:

ಮಂಜಿನೊಳಗ ಕೈಯ ಇಟ್ಟು ಸುಡುತದಲ್ಲೊ ಮೈಯಿ
ಸುಲಿದದ್ದು ಸಿಗಡಿಯಲ್ಲ ಕೇಳು ನನ್ನ ತಾಯಿ

ಕನ್ನಡ ಬಾರದ ಹೆಂಗಸರೂ ಅದನ್ನು ಹಾಡಿದರು. ಆ ಪದದ ಮೇಲೆಯೇ ಸಂಘ ಕಟ್ಟಿದಿರಿ. ಆ ಪದವೇ ನಿನ್ನನ್ನು ಕ್ವಾಲಾಲಂಪುರಕ್ಕೆ ಕರೆಯಿತು. 2002ರಲ್ಲಿ ದುಡಿಯುವ ಹೆಂಗಸರದೊಂದು ಸಭೆ, ಹಲವು ದೇಶದವರು ಬರುವವರು, ಈ ಹಾಡು ಕಟ್ಟಿದವಳೇ ಬಂದು ಹಾಡಬೇಕು ಎಂದು ಆಹ್ವಾನ. ದುಭಾಷಿಯಾಗಿ ಒಬ್ಬರು ಜೊತೆಗೆ ಬರಬಹುದು.

ನೀನು ಆ ದಿನ ಊಟ ಮಾಡಲಿಲ್ಲ. ಮೂಲೆಯಲ್ಲಿ ಕೂತು ಒಂದೇ ಮಾತು: "ನಾ ವೋಗದಿಲ್ಲ." ಸಾವಿನ ಭಯವೇ ಎಂದರೆ ಅಲ್ಲ. "ಬಸ್ಸಲ್ಲಿ ಬಿದ್ರ ಕಂಡಕ್ಟ್ರು ಸೀಟಿ ಊದಿ ಇಳುಸ್ಬುಡ್ತಾನ. ಇಮಾನದಲ್ಲಿ ಬಿದ್ರ ಎಲ್ಲಿ ಇಳುಸ್ತಾರಕ್ಕ?" ನಾನು ನಗಲಿಲ್ಲ. ಮೂರು ಸಲ ಕಂಡಕ್ಟರುಗಳು ನಿನ್ನನ್ನು ಕುಡಿದವಳೆಂದು ನಡುರಸ್ತೆಯಲ್ಲಿ ಇಳಿಸಿದ್ದು ನನಗೆ ಗೊತ್ತಿತ್ತು.

ಹೊರಗಿನವರ ಭಯ ಒಂದಾದರೆ ನಮ್ಮವರದು ಇನ್ನೊಂದು. ಪೆರಂಬೂರಿನ ರೈಲ್ವೆ ಕಾರ್ಖಾನೆಯಲ್ಲಿದ್ದ ನಮ್ಮ ಸಂಘಟನೆಯ ಹನುಮಂತಯ್ಯ ನಿನ್ನೆದುರಿಗೇ ಹೇಳಿದರು: "ಮೇಡಂ, ಸೆಂಟಿಮೆಂಟ್ ಬುಡಿ. ಅಷ್ಟು ದೇಶದೋರ ಮುಂದೆ ಸ್ಟೇಜಿನ ಮೇಲೆ ಬಿದ್ದು ಒದ್ದಾಡಿದ್ರೆ ಚಳವಳಿ ಮಾನ ಏನಾಗ್ಬೇಕು? ಗಟ್ಟಿಮುಟ್ಟಾಗಿರೋಳ್ನ ಕಳ್ಸಣ." ನನಗೆ ಉರಿದುಹೋಯಿತು. "ಗಟ್ಟಿಮುಟ್ಟಾಗಿರೋ ಒಬ್ಬ ಕೂಲಿ ಹೆಂಗಸನ್ನ ಈ ಬಂದರಿನಲ್ಲಿ ತೋರಿಸಿ ಹನುಮಂತಯ್ಯ, ನಾನೇ ಟಿಕೆಟ್ ತೆಗೀತೀನಿ. ಮೈಯಲ್ಲಿ ರೋಗ ಇಲ್ದೇ ಇರೋರ ಚಳವಳಿ ಮಾಡೋದಾದ್ರೆ ಅಡ್ಯಾರಿಗೆ ಹೋಗಿ ಮಾಡಿ. ಬೀಳೋ ಹೆಂಗಸನ್ನ ಬಚ್ಚಿಡೋದು ಅವರ ಮನೆಯ ಕೆಲಸ. ನಮ್ಮದೂ ಅದೇ ಆದ್ರೆ ಈ ನೀಲಿ ಬಾವುಟ ಮಡಚಿ ಪೆಟ್ಟಿಗೇಲಿ ಇಟ್ಬಿಡೋಣ." ಅವರು ಎದ್ದು ಹೋದರು. ನೀನು ನನ್ನ ಮೇಲೇ ರೇಗಿದೆ: "ಅವ್ರ ಯಾಕಕ್ಕ ಬೈದಯ? ಅವ್ರು ಯೋಳಿದ್ದು ನನ್ ಮನ್ಸಲ್ಲಿರದೇ ಅಲ್ವ?"

ಆ ಮಾತು ನನ್ನನ್ನು ಇರಿಯಿತು. ಊರು ಎಸೆದ ಕುಡುಗೋಲನ್ನು ನೀನೂ ನಿನ್ನೊಳಗೆ ಹಿಡಿದುಕೊಂಡು ಓಡಾಡುತ್ತಿದ್ದೆ.

ನರರೋಗದ ಡಾಕ್ಟರಮ್ಮನ ಹತ್ತಿರ ಕರೆದುಕೊಂಡು ಹೋದೆ. ನಿನ್ನ ಇಮಾನದ ಪ್ರಶ್ನೆಯನ್ನು ನಾನೇ ತಮಿಳಿಗೆ ತಿರುಗಿಸಿ ಕೇಳಿದೆ. ಆಕೆ ನಕ್ಕರು. "ಅದೇ ಒಳ್ಳೇದಮ್ಮಾ. ಅಲ್ಲಿ ಯಾರೂ ಇಳಿಸಕ್ಕಾಗಲ್ಲ. ನೋಡಿಕೊಳ್ಳಲೇಬೇಕು" ಎಂದರು. ನೀನು ಮೊದಲ ಸಲ ತಲೆ ಎತ್ತಿದೆ. ನಿದ್ದೆ ಕೆಡಬೇಡ, ಹಸಿದಿರಬೇಡ, ಹೊಸ ದೇಶದ ಗಡಿಯಾರ ನೋಡಿ ಮಾತ್ರೆಯ ಹೊತ್ತು ತಪ್ಪಿಸಬೇಡ, ಬೇಕಾದ್ದಕ್ಕಿಂತ ಹೆಚ್ಚೇ ಇಟ್ಟುಕೋ, ಪೆಟ್ಟಿಗೆಗೆ ಹಾಕದೆ ಕೈಯಲ್ಲೇ ಹಿಡಿದುಕೋ, ರೋಗ ಇದೆಯೆಂದು ವಿಮಾನದವರಿಗೆ ಮೊದಲೇ ಹೇಳು ಎಂದರು. "ಯೋಳ್ಬುಟ್ರ ಹತ್ತುಸ್ಕತಾರ?" ಎಂದೆ. ಹತ್ತಿಸಿಕೊಳ್ಳುತ್ತಾರೆ ಎಂದು ತಮ್ಮ ಕೈಯಾರೆ ಒಂದು ಕಾಗದ ಬರೆದುಕೊಟ್ಟರು. ನೀನು ನುಂಗುವ ಗಾರ್ಡಿನಾಲ್ ಕೆಲವು ದೇಶದಲ್ಲಿ ಬಿಗಿ ಕಾನೂನಿನ ಔಷಧಿ, ಮಾತ್ರೆಗಳನ್ನು ಅಂಗಡಿಯ ಹಾಳೆಯಿಂದ ಬಿಡಿಸಬೇಡಿ, ಕಾಗದದ ಜೊತೆಯೇ ಇಡಿ ಎಂದು ಒತ್ತಿ ಒತ್ತಿ ಹೇಳಿದರು. ಎಲ್ಲವನ್ನೂ ನಾನು ಜೋಪಾನವಾಗಿ ನನ್ನ ಕೈಚೀಲದಲ್ಲಿಟ್ಟೆ.

ಇಟ್ಟೆ ಎಂದುಕೊಂಡಿದ್ದೆ!

ವಿಮಾನದಲ್ಲಿ ನೀನು ಕಿಟಕಿಯ ಕಡೆ ನೋಡಲೇ ಇಲ್ಲ. ಒಂದು ಕೈ ನನ್ನ ಮೊಣಕೈ ಮೇಲೆ, ಇನ್ನೊಂದು ಸೊಂಟದ ಸಂಚಿಯ ಮೇಲೆ. ಇಳಿಯುವ ಮುಂಚೆ ತುಂಬಲು ಒಂದು ಚೀಟಿ ಕೊಟ್ಟರು. ಅದರಲ್ಲಿ ಕೆಂಪು ಅಕ್ಷರ. ಏನಕ್ಕ ಅದು ಎಂದು ನೀನು ಕೇಳಿದೆ. ಮಾದಕವಸ್ತು ತಂದು ಮಾರುವವರಿಗೆ ಈ ದೇಶದಲ್ಲಿ ಮರಣದಂಡನೆ ಎಂದು ಓದಿ ಹೇಳಿದೆ. ನಿನ್ನ ಮುಖ ಬೂದಿಯಾಯಿತು.

"ಅಕ್ಕ, ನಾ ಮಾತ್ರನೆಲ್ಲ ಬುಡುಸಿ ಸಂಚಿಗ ಹಾಕಂಡಿವ್ನಿ."

ನನ್ನ ಚೀಲ ತೆರೆದೆ. ಔಷಧಿಯ ಪೊಟ್ಟಣದಲ್ಲಿ ನೀನು ತುಂಬಿಸಿಟ್ಟಿದ್ದ ಹಳೇ ಪೇಪರು. ಮಾತ್ರೆ ಬಿಡಿಸಿದ ಖಾಲಿ ಹಾಳೆಗಳು ರಾಯಪುರಂನ ಕಸದ ಬುಟ್ಟಿಯಲ್ಲಿ. ಯಾಕೆ ಹೀಗೆ ಮಾಡಿದೆ ಎಂದು ಹಲ್ಲು ಕಚ್ಚಿ ಕೇಳಿದೆ. "ಕೈಚೀಲವ ಯಾರಾದ್ರು ಕಿತ್ಕಂಡ್ರ ಏನ್ ಮಾಡದು? ಹೆಣ್ಣೆಂಗ್ಸಿನ ಸೊಂಟದ್ದ ಕೇಳ್ದೆ ಯಾರೂ ಮುಟ್ಟಂಗಿಲ್ಲ." ಒಂದು ಮಡಿಕೆಯಲ್ಲಿ ಬೆಳಗಿನದು, ಒಂದರಲ್ಲಿ ರಾತ್ರಿಯದು, ಮತ್ತೊಂದರಲ್ಲಿ ಎಲೆ, ಅಡಿಕೆ, ಸುಣ್ಣದ ಡಬ್ಬಿ. ಬಿಳಿ ಮಾತ್ರೆ, ಬಿಳಿ ಸುಣ್ಣ. ನೇಣಿಗೆ ಇನ್ನೇನು ಬೇಕು!

ಕಸ್ಟಮ್ಸಿನ ಮೇಜಿನ ಹಿಂದೆ ಒಬ್ಬ ಹೆಣ್ಣುಮಗಳು. ಇಸ್ತ್ರಿಯ ಸಮವಸ್ತ್ರ, ಬಿಗಿದ ತುಟಿ. ನಿನ್ನ ಸೊಂಟದ ಉಬ್ಬು ನೋಡಿ ಬೆರಳು ತೋರಿಸಿದಳು. ನೀನು ಸಂಚಿ ತೆಗೆದು ಮೇಜಿನ ಮೇಲಿಟ್ಟೆ. ಅವಳು ಗಂಟಿನ ಜೊತೆ ಗುದ್ದಾಡಿದಳು, ಬರಲಿಲ್ಲ. ಕತ್ತರಿ ತೆಗೆದುಕೊಳ್ಳಲು ಹೋದಾಗ ನೀನು "ತಾಳವ್ವ" ಎಂದು ಸಂಚಿಯನ್ನು ಎತ್ತಿ ಬಾಯಿಗಿಟ್ಟು, ಹಲ್ಲು ಒಂದು ಕಡೆ, ಉಗುರು ಒಂದು ಕಡೆ, ಟಕ್ಕೆಂದು ಬಿಚ್ಚಿ ಅವಳ ಮುಂದಿಟ್ಟೆ. ನನ್ನ ಚೀಲದಲ್ಲಿ ಉಳಿದಿದ್ದ ಡಾಕ್ಟರಮ್ಮನ ಕಾಗದ ಚಾಚಿದೆ. ಅವಳು ನಿಧಾನವಾಗಿ ಓದಿದಳು. ಒಂದು ಮಾತ್ರೆ ತೆಗೆದು ನೋಡಿದಳು. ಸುಣ್ಣದ ಡಬ್ಬಿ ತೆರೆದು ಮೂಸಿದಳು. ಆಮೇಲೆ ನಿನ್ನ ಮುಖ ನೋಡಿ ತಮಿಳಿನಲ್ಲಿ, "ವಲಿಪ್ಪಾಮ್ಮಾ?" ಎಂದು ಕೇಳಿದಳು.

ಫಿಟ್ಸಾ ತಾಯಿ ಎಂದು. ನೀನು ಹೌದೆಂದು ತಲೆಯಾಡಿಸಿದೆ. ಕಣ್ಣಿನಿಂದ ನೀರು ಸುರಿಯುತ್ತಿತ್ತು.

ಅವಳ ಅಜ್ಜಿ ತಮಿಳು ಸೀಮೆಯಿಂದ ಹೋಗಿ ಅಲ್ಲಿಯ ರಬ್ಬರ್ ತೋಟದಲ್ಲಿ ಕೂಲಿ ಮಾಡಿದವಳಂತೆ, ಇಂಥದೇ ಸಂಚಿ ಇತ್ತಂತೆ, ಸಾಯುವಾಗಲೂ ಸೊಂಟದಲ್ಲೇ ಇತ್ತಂತೆ. "ಇಂಥ ತಪ್ಪು ಮತ್ತೆ ಮಾಡಬೇಡಿ, ಎಲ್ಲ ಮೇಜಿನ ಹಿಂದೆಯೂ ನಾನಿರಲ್ಲ" ಎಂದು ನನ್ನನ್ನು ಗದರಿದಳು. ಒಬ್ಬ ಡಾಕ್ಟರನ್ನು ಕರೆಸಿ ಮಾತ್ರೆ ತೋರಿಸಿದಳು. ಬಹಳ ಹೊತ್ತು ಕಾಯಿಸಿದಳು. ಕೊನೆಗೆ ಎಲ್ಲವನ್ನೂ ಅದರದರ ಮಡಿಕೆಗೇ ಹಾಕಿ, ಎಲೆಯನ್ನು ಮಾತ್ರ ಒಳಗೆ ಬಿಡುವುದಿಲ್ಲವೆಂದು ತೆಗೆದಿಟ್ಟುಕೊಂಡು, ಸಂಚಿಯನ್ನು ಎರಡೂ ಕೈಯಲ್ಲಿ ಹಿಡಿದು ನಿನಗೆ ಕೊಟ್ಟಳು. ಎರಡೂ ಕೈಯಲ್ಲಿ, ಪುಟ್ಟತಾಯಿ. ಕಾನೂನು ಎಂದರೆ ನನಗೆ ಈಗಲೂ ಆ ಎರಡು ಕೈಗಳೇ ನೆನಪಾಗುತ್ತವೆ. ಬಿಗಿಯಾದ ಕಾನೂನೇ. ಆದರೆ ಅದು ಸಂಚಿ ಬಿಚ್ಚಿ ನೋಡಿತು, ಕಾಗದ ಓದಿತು, ಏನಾಗಿದೆ ತಾಯಿ ಎಂದು ಕೇಳಿತು.

ನೀನು ಹೆದರಿದ್ದೂ ಆಯಿತು. ಹಾಡಲು ವೇದಿಕೆ ಹತ್ತುವ ಮೆಟ್ಟಿಲಲ್ಲೇ ಬಿದ್ದೆ. ನಾನು ಓಡಿ ಬರುವುದರೊಳಗೆ ಹೆಂಗಸರು ನಿನ್ನನ್ನು ಸುತ್ತಿಕೊಂಡಿದ್ದರು. ಶ್ರೀಲಂಕಾದ ಟೀ ತೋಟದವಳೊಬ್ಬಳು ತನ್ನ ಮೇಲುಹೊದಿಕೆಯನ್ನು ಮಡಚಿ ತಲೆಯ ಕೆಳಗಿಟ್ಟಳು. ಯಾರೋ ನಿನ್ನನ್ನು ಪಕ್ಕಕ್ಕೆ ತಿರುಗಿಸಿ ಮಲಗಿಸಿ ಬಾಯಿಯ ಜೊಲ್ಲನ್ನು ಬರಿಗೈಯಲ್ಲಿ ಒರೆಸಿದರು. ಯಾರೂ ಕಬ್ಬಿಣ ತರಲಿಲ್ಲ. ಯಾರೂ ದೂರ ಸರಿಯಲಿಲ್ಲ. ಪಕ್ಕದ ಕೋಣೆಯಲ್ಲಿ ನೀನು ನಿದ್ದೆ ಮಾಡಿದೆ. ಎಚ್ಚರವಾದಾಗ ಅದೇ ಪ್ರಶ್ನೆ: "ಯಾರ್ಯಾರು ನೋಡುದ್ರು?"

"ಎಲ್ಲಾರೂ ನೋಡಿದ್ರು ಕಣೇ. ನಿನ್ನ ಹಾಡನ್ನ ಕೊನೇಗೆ ಇಟ್ಕೊಂಡು ಕಾಯ್ತಾ ಕೂತವ್ರೆ" ಎಂದೆ.

ನೀನು ಎದ್ದು ಕೂತು, ಸೀರೆಯ ನೆರಿಗೆಗೆ ಕೈ ಹಾಕಿ, ಆ ಪಿನ್ನು ತೆಗೆದು ನನ್ನ ಕೈಗೆ ಕೊಟ್ಟೆ. "ಇದ ಮಡಿಕಕ್ಕ. ಚುಚ್ತದ." ಹೋಗಿ ಕುರ್ಚಿಯಲ್ಲಿ ಕೂತು ಹಾಡಿದೆ. ಕನ್ನಡ ಒಂದಕ್ಷರ ಬಾರದ ಆ ಸಭೆ ಕೊನೆಯ ಸಾಲನ್ನು ನಿನ್ನ ಹಿಂದೆ ಹೇಳಿಕೊಂಡಿತು.

ವಾಪಸು ಬರುವಾಗ ವಿಮಾನದ ಹುಡುಗಿಗೆ ನೀನೇ ಹೇಳಿದೆ, ನಿನ್ನ ಮುರುಕು ತಮಿಳಿನಲ್ಲಿ: "ಎನಕ್ಕು ವಲಿಪ್ಪು ಇರುಕ್ಕುಮ್ಮಾ. ಬಿದ್ರ ಪಕ್ಕಕ್ಕ ಮಲಗ್ಸು. ಕಬ್ಬುಣ ಬ್ಯಾಡ. ಮಾತ್ರ ಇಲ್ಲೇ ಅದ." ಹೇಳಿ ಸಂಚಿ ತಟ್ಟಿ ತೋರಿಸಿದ್ದೆ. ಆಮೇಲೆ ಮೂರು ವರ್ಷ ಹೋದಲ್ಲೆಲ್ಲ ಮೊದಲು ಅದನ್ನೇ ಹೇಳಿದೆ. ಶೆಡ್ಡಿನಲ್ಲಿ, ಬಸ್ಸಿನಲ್ಲಿ, ಮೌನಳ ಸ್ಕೂಲಿನಲ್ಲಿ. ಆ ವಿಮಾನದಲ್ಲೇ ಕಿಟಕಿಯ ಪಕ್ಕ ಕೂತು ಕೆಳಗಿನ ಕಡಲು ನೋಡಿ, "ಇಷ್ಟೇನಾ? ಇದ್ಕ ನಾ ಅಷ್ಟು ಎದ್ರಕಂಡಿದ್ನ?" ಎಂದೆಯಲ್ಲ, ನಿನ್ನ ಜೀವಮಾನದಲ್ಲಿ ನಾನು ಕಂಡ ಅತಿ ಚಂದದ ಮುಖ ಅದು.

ಹಾಗಾದರೆ ನಿನ್ನನ್ನು ಕೊಂದದ್ದು ಯಾವುದು? ಕಡಲಾಚೆಯ ದೇಶವಲ್ಲ. ನಮ್ಮ ಮನೆಯಿಂದ ನಡೆದು ಹೋಗುವಷ್ಟು ದೂರದ ಒಂದು ಠಾಣೆ.

ಸುನಾಮಿಯಲ್ಲಿ ಶೆಡ್ಡಿನ ಗೋಡೆಯೂ ಕಕ್ಕಸೂ ಕೊಚ್ಚಿಹೋದವು. ಮಾಲೀಕರು ಗೋಡೆ ಕಟ್ಟಿಸಿದರು, ಕಕ್ಕಸು ಕಟ್ಟಿಸಲಿಲ್ಲ. ಹೆಂಗಸರು ದಿನವಿಡೀ ಉಚ್ಚೆ ತಡೆದುಕೊಂಡು ಮಂಜಿನಲ್ಲಿ ನಿಂತು ಸಿಗಡಿ ಸುಲಿಯಬೇಕು. ತಿಂಗಳುಗಟ್ಟಲೆ ಕೇಳಿದಿರಿ, ಕೊನೆಗೆ ರಸ್ತೆಯಲ್ಲಿ ಕೂತಿರಿ. ಕಕ್ಕಸು ಕೇಳಿದ್ದಕ್ಕೆ ಬಂಧನ! ಉಳಿದವರನ್ನೆಲ್ಲ ಇಲ್ಲಿಯ ವಾಡಿಕೆಯಂತೆ ಒಂದು ಕಲ್ಯಾಣ ಮಂಟಪದಲ್ಲಿ ಕೂಡಿಹಾಕಿ ಸಂಜೆಗೆ ಬಿಟ್ಟರು. ನಿನ್ನನ್ನೂ ಸಂಘದ ನಾಲ್ವರನ್ನೂ ಠಾಣೆಯಲ್ಲೇ ಇಟ್ಟುಕೊಂಡರು.

ಆ ನಾಲ್ವರು ನನಗೆ ಹೇಳಿದ್ದನ್ನು ನಾನು ವಿಚಾರಣೆಯ ಅಧಿಕಾರಿಗೂ ಹೇಳಿಸಿದೆ. ವರದಿಯಲ್ಲಿ ಅದು ಇಲ್ಲ. ಇಲ್ಲಿ ಬರೆಯುತ್ತೇನೆ. ಒಳಗೆ ನೂಕುವ ಮುಂಚೆ ನಿನ್ನ ಸೊಂಟಕ್ಕೆ ಕೈ ಹಾಕಿ ಸಂಚಿ ಕಿತ್ತುಕೊಂಡರು. ಕೇಳದೆ. "ವೆತ್ತಲೆ ಎಲ್ಲಾಂ ಉಳ್ಳೆ ಕೂಡಾದು" ಎಂದು, ಎಲೆಯಡಿಕೆ ಒಳಗೆ ಕೂಡದೆಂದು, ಮೇಜಿನ ಕೆಳಗೆ ಎಸೆದರು. ನೀನು ಎದೆಯೆತ್ತಿ ಹೇಳಿದೆ, ವಿಮಾನದ ಹುಡುಗಿಗೆ ಹೇಳಿದ ಹಾಗೇ: ಎನಕ್ಕು ವಲಿಪ್ಪು ಇರುಕ್ಕು ಸಾರ್, ಮಾತ್ತಿರೈ ಅದುಲೇ ಇರುಕ್ಕು, ಮಾತ್ರೆ ಅದರಲ್ಲೇ ಇದೆ ಎಂದು. "ಎಲ್ಲಾಂ ನಾಟಕಂ" ಎಂದು ನಕ್ಕರು. ರಾತ್ರಿಯ ಮಾತ್ರೆ ಇಲ್ಲ. ನಿದ್ದೆ ಇಲ್ಲ. ಬೆಳಗಿನ ಮಾತ್ರೆಗೆ ಮತ್ತೆ ಕೇಳಿದೆ, ಇಲ್ಲ. ನಾನು ಡಾಕ್ಟರಮ್ಮನ ಕಾಗದ ಹಿಡಿದು ಗೇಟಿನಲ್ಲಿ ನಿಂತಿದ್ದೆ. ಸಾಹೇಬರು ಬರಲಿ ಎಂದರು. ಮಧ್ಯಾಹ್ನದ ಹೊತ್ತಿಗೆ ನಿನಗೆ ಶುರುವಾಯಿತು. ಒಂದು ನಿಲ್ಲುವ ಮುಂಚೆ ಇನ್ನೊಂದು. ನಾಲ್ವರೂ ನಿನ್ನನ್ನು ಪಕ್ಕಕ್ಕೆ ಮಲಗಿಸಿದರು, ನೀನು ಕಲಿಸಿದ ಹಾಗೇ. ಬಾಗಿಲು ತೆಗಿ, ಆಸ್ಪತ್ರೆಗೆ ಒಯ್ಯಿರಿ ಎಂದು ಕಂಬಿ ಬಡಿದರು. ಆಗ ಒಬ್ಬ ಪೇದೆ "ಇರುಂಬು ಕುಡು, ಸರಿಯಾಯಿಡುಂ" ಎಂದು, ಕಬ್ಬಿಣ ಕೊಡು ಸರಿಹೋಗುತ್ತದೆ ಎಂದು, ತನ್ನ ಬೈಕಿನ ಬೀಗದಕೈಯನ್ನು ಕಂಬಿಯ ಸಂದಿನಿಂದ ಒಳಗೆ ಎಸೆದ.

ಎಸೆದ, ಪುಟ್ಟತಾಯಿ.

ಆ ಬಾಗಿಲು ತೆಗೆಯುವ ಬೀಗದಕೈ ಅವನ ಸೊಂಟದಲ್ಲೇ ಇತ್ತು.

ಹೆಣ ಕೊಯ್ಯುವ ಮನೆಯ ಮುಂದೆ ಹಗಲೂ ರಾತ್ರಿ ಕಾದವರು ಹನುಮಂತಯ್ಯ. ನಿನ್ನನ್ನು ಹೊತ್ತ ನಾಲ್ಕು ಹೆಗಲಲ್ಲಿ ಮುಂದಿನ ಬಲಗಡೆಯದು ಅವರದು. ಎತ್ತುವಾಗ ಅವರು ಸೀರೆಯ ಅಂಚನ್ನು ನಿನ್ನ ಪಾದದ ಮೇಲಕ್ಕೆ ಎಳೆದು ಸರಿಮಾಡಿದರು.

ಇವತ್ತು ಸಂಚಿಯನ್ನು ಮನೆಗೆ ತಂದೆ. ನಿನ್ನ ಮಗಳು ಸ್ಕೂಲಿನಿಂದ ಬಂದವಳು ಕಾಲು ತೊಳೆಯದೆ ಅದರ ಮುಂದೆ ನಿಂತಳು. ಹದಿನೈದು ತುಂಬಿದೆ ಅವಳಿಗೆ. ಹುಬ್ಬು ನಿನ್ನದೇ, ಗಾಯವಿಲ್ಲದ ಹುಬ್ಬು. ಸಂಚಿಯನ್ನು ಎತ್ತಿ ಮುಖಕ್ಕೆ ಒತ್ತಿಕೊಂಡಳು. "ಅಮ್ಮಾ ವಾಸನೈ ಇನ್ನುಂ ಇರುಕ್ಕು ಪೆರಿಯಮ್ಮಾ" ಎಂದಳು. ಅವ್ವನ ವಾಸನೆ ಇನ್ನೂ ಇದೆ ದೊಡ್ಡಮ್ಮ ಎಂದು. ಒಣಗಿದ ಎಲೆ, ಸುಣ್ಣ, ಅಡಿಕೆ, ನಿನ್ನ ಬೆವರು. ಬಿಚ್ಚಿದರೆ ಇನ್ನಷ್ಟು ಸಿಗುತ್ತಿತ್ತು. ಅವಳ ಹಲ್ಲು ಆಗಲೇ ದಾರದ ಮೇಲಿತ್ತು, ಉಗುರು ಗಂಟಿನೊಳಗೆ.

"ಬೇಡ ಕೂಸೇ" ಎಂದು ಕೂಗಿದೆ.

ಅವಳು ಬೆಚ್ಚಿ ನನ್ನನ್ನು ನೋಡಿದ ನೋಟವನ್ನು ನಾನು ಹೇಗೆ ಬರೆಯಲಿ? ತಾಯಿಯ ವಾಸನೆಗೆ ಅಡ್ಡ ನಿಂತ ರಾಕ್ಷಸಿ ನಾನು. ಕೂರಿಸಿಕೊಂಡು ಹೇಳಿದೆ. ಬಿಚ್ಚಿ ನೋಡಿದೆವು ಎಂದು ಅವರು ಬರೆದಿದ್ದಾರೆ, ಈ ಗಂಟು ಅವರು ಬಿಚ್ಚಿಲ್ಲ ಎನ್ನುತ್ತದೆ. ನಮ್ಮ ವಕೀಲ ವಿಷ್ಣುಮೂರ್ತಿಗೆ ಫೋನು ಮಾಡಿದ್ದೆ. "ಗಂಟು ಬಂದು ಕಟಕಟೆ ಹತ್ತುತ್ತಾ ಮೇಡಂ? ನೀವೇ ಕಟ್ಟಿದ್ದು ಅಂದುಬಿಡ್ತಾರೆ" ಎಂದು ಮೊದಲು ನಕ್ಕರು. ಆಮೇಲೆ, "ಮುಟ್ಟಬೇಡಿ, ಹಾಗೇ ಇಡಿ, ಹೈಕೋರ್ಟಿಗೆ ಹೋಗೋಣ" ಎಂದರು. ಗೆಲ್ಲುತ್ತೇವೆ ಎಂದು ನಿನ್ನ ಮಗಳಿಗೆ ನಾನು ಹೇಳಲಿಲ್ಲ. ಈ ಕಾಗದದಲ್ಲೂ ಹೇಳುವುದಿಲ್ಲ. ಮೆಣಸಿನ ಕಾಳಿನಷ್ಟು ಗಂಟು, ಎದುರಿಗೆ ಒಂದು ಸರ್ಕಾರ.

ಮೌನ ಎಲ್ಲ ಕೇಳಿದಳು. ಕೊನೆಗೆ ಒಂದೇ ಮಾತು: "ಅಪ್ಪೋ ಎಪ್ಪೋ?" ಹಾಗಾದರೆ ಯಾವಾಗ?

"ಕೋರ್ಟಿನಲ್ಲಿ. ಜಡ್ಜಿನ ಮುಂದೆ. ನೀನೇ ಬಿಚ್ಚಬೇಕು" ಎಂದೆ.

ಅವಳು ಸಂಚಿಯನ್ನು ನನ್ನ ಮಡಿಲಲ್ಲಿಟ್ಟು ಎದ್ದು ಹೋದಳು. ಒಳಗೆ ಅಳುತ್ತಿರಬಹುದೆಂದು ಹೋಗಿ ನೋಡಿದೆ. ಅಳುತ್ತಿರಲಿಲ್ಲ. ತನ್ನ ಲಂಗದ ದಾರವನ್ನು ತೆಗೆದುಕೊಂಡು ನೆಲದ ಮೇಲೆ ಕೂತು ನಿನ್ನ ಗಂಟು ಹಾಕುತ್ತಿದ್ದಳು. ಹಾಕಿ, ಹಲ್ಲಿನಲ್ಲಿ ಬಿಚ್ಚಿ, ಮತ್ತೆ ಹಾಕುತ್ತಿದ್ದಳು. ಮರೆತುಹೋಗಬಾರದಲ್ಲ.

ನೀನು ಊರಿಗೆ ಹೋದಾಗ ನಿನಗೆ ಬರೆದ ಕಾಗದಗಳನ್ನೆಲ್ಲ ಹೊತ್ತಿಗೆ ಸರಿಯಾಗಿ ಮಾತ್ರೆ ನುಂಗು ಎಂದು ಮುಗಿಸುತ್ತಿದ್ದೆ. ಈಗಲೂ ಕೈ ಅದನ್ನೇ ಬರೆಯಲು ಹೋಗಿ ನಿಂತಿದೆ. ಇನ್ನು ನಿದ್ದೆ ಮಾಡು ತಾಯಿ. ಪಿನ್ನು ಬೇಡ, ಸೀರೆ ಹೇಗಿದ್ದರೆ ಹಾಗಿರಲಿ. ನೀನು ಎಚ್ಚರವಾದಾಗಲೆಲ್ಲ ಯಾರ್ಯಾರು ನೋಡಿದರು ಎಂದು ನಾಚಿಕೆಯಿಂದ ಕೇಳುತ್ತಿದ್ದೆಯಲ್ಲ, ಆ ನಾಚಿಕೆ ನಿನ್ನದಾಗಿರಲಿಲ್ಲ. ಅದು ಯಾರದೋ ಅವರ ಮುಂದೆ ನಿನ್ನ ಮಗಳು ಈ ಗಂಟು ಬಿಚ್ಚುತ್ತಾಳೆ.

ಎಲ್ಲರೂ ನೋಡಲಿ.

ನಿನ್ನ ಅಕ್ಕ,
ನಾಗರತ್ನಮ್ಮ